ಯಾವ ಆರ್‌ಎಕ್ಸ್, ಎಷ್ಟು ಗೇರ್?

ಬೆಂಗಳೂರಿನ ಜೆ.ಸಿ. ರಸ್ತೆಯ ಯಾವುದಾದರೂ ಸ್ಪೇರ್ ಪಾರ್ಟ್ಸ್ ಅಂಗಡಿಯ ಮುಂದೆ ನಿಂತು ‘ಆರ್‌ಎಕ್ಸ್‌ಗೆ ಒಂದು ಬ್ಲಾಕ್ ಕಿಟ್ ಕೊಡಿ’ ಎಂದು ಕೇಳಿ ನೋಡಿ. ಕೌಂಟರಿನವನು ತಲೆ ಎತ್ತುವುದಿಲ್ಲ. ‘ಹಂಡ್ರೆಡ್ಡಾ, ಒನ್ ಥರ್ಟಿಫೈವಾ?’ ಥರ್ಟಿಫೈವ್ ಎಂದರೆ ‘ಫೋರ್ ಗೇರಾ, ಫೈವ್ ಗೇರಾ?’ ಹತ್ತು ವರ್ಷ ಓಡಿಸಿದ ಗಾಡಿಯಾದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಹೋದ ವಾರ ಕೊಂಡ ಸೆಕೆಂಡ್‌ಹ್ಯಾಂಡ್ ಗಾಡಿಯಾದರೆ ಕಷ್ಟ. ಟ್ಯಾಂಕಿನ ಮೇಲೆ ಒಂದು ಹೆಸರು, ಆರ್.ಸಿ.ಯಲ್ಲಿ ಇನ್ನೊಂದು, ಎಂಜಿನ್ನಿನ ಹೊಟ್ಟೆಯಲ್ಲಿ ಏನಿದೆಯೋ ಬಿಚ್ಚಿದವನೇ ಬಲ್ಲ. ಕೊನೆಗೆ ಕೌಂಟರಿನವನೇ ದಾರಿ ತೋರಿಸುತ್ತಾನೆ: ‘ಹಳೇದು ಬಿಚ್ಕೊಂಡ್ ಬನ್ನಿ ಸಾರ್, ಅಳತೆ ನೋಡಿ ಕೊಡ್ತೀನಿ.’

ಹಳೆಯ ಬೈಕಿನ ನಿಖರ ಮಾದರಿ ಯಾವುದು ಎಂಬ ಪ್ರಶ್ನೆಯ ಸುತ್ತ ನಮ್ಮಲ್ಲಿ ಬೆಳೆದಿರುವ ಮಾತನ್ನೆಲ್ಲ ಒಟ್ಟು ಮಾಡಿ ನೋಡಿದರೆ, ಈ ಅಂಗಡಿಯವನ ಮಾತೇ ಎಲ್ಲರಿಗಿಂತ ನೇರವಾಗಿದೆ ಎನ್ನಿಸುತ್ತದೆ. ಕೊಳ್ಳುವವರು, ಮಾರುವವರು, ಜೋಡಿಸಿ ಹೊಸದು ಮಾಡುವವರು, ಆರ್‌.ಟಿ.ಒ. ಕಚೇರಿಯವರು, ವಿಮೆಯವರು, ಎಲ್ಲರೂ ‘ಮಾಡೆಲ್’ ಎಂಬ ಒಂದೇ ಪದ ಬಳಸುತ್ತಾರೆ. ಒಬ್ಬೊಬ್ಬರ ಮನಸ್ಸಿನಲ್ಲಿರುವುದು ಒಂದೊಂದು. ಊರಿನಲ್ಲಿ ‘ಎಷ್ಟನೇ ಮಾಡೆಲ್?’ ಎಂದು ಕೇಳಿದರೆ ಅದು ಇಸವಿಯ ಪ್ರಶ್ನೆ. ಕಂಪನಿಗೆ ಮಾಡೆಲ್ ಎಂದರೆ ಒಂದು ಸಂಕೇತ. ಟ್ಯಾಂಕಿನ ಸ್ಟಿಕ್ಕರಿಗೆ ಅದು ಬರೀ ಮಾರಾಟದ ಹೆಸರು. ಗೊಂದಲದ ಅರ್ಧ ಪಾಲು ಈ ಮೂರನ್ನೂ ಒಂದೇ ಎಂದುಕೊಳ್ಳುವುದರಲ್ಲೇ ಇದೆ.

ಸಂಕೇತದಿಂದ ಶುರು ಮಾಡೋಣ. ಯಮಹಾ ಕಂಪನಿಗೆ ಒಂದು ಒಳ್ಳೆಯ ಅಭ್ಯಾಸವಿದೆ. ಪ್ರತಿ ಮಾದರಿಗೂ ಮೂರಕ್ಷರದ ಸಂಕೇತ ಕೊಟ್ಟು, ಅದನ್ನೇ ಬಿಡಿಭಾಗಗಳ ಸಂಖ್ಯೆಯ ಮೊದಲಿಗೂ ಹಾಕುತ್ತದೆ. ನಮ್ಮ ಆರ್‌ಎಕ್ಸ್ 100ರ ಸಂಕೇತ ‘1ಎಲ್1’. ಎಂಜಿನ್ ಮೇಲೆ ಈ ಮೂರು ಅಕ್ಷರ ಕಂಡರೆ ಅದು ಹುಟ್ಟಿದ್ದು ಹಂಡ್ರೆಡ್ ಆಗಿಯೇ. ಹುಟ್ಟಿದ್ದು ಮಾತ್ರ. ಆಮೇಲೆ ಅದರ ಮೇಲೆ ಯಾವ ಬ್ಲಾಕ್ ಕೂತಿತು ಎಂಬುದನ್ನು ಸಂಕೇತ ಹೇಳುವುದಿಲ್ಲ.

ಈಚಿನ ಗಾಡಿಗಳಲ್ಲಿ ಚಾಸಿ ನಂಬರು ಹದಿನೇಳು ಅಕ್ಷರ-ಅಂಕಿಗಳದ್ದು. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಸಾಮಾನ್ಯವಾಗಿ ಬಲಬದಿಯ ಕತ್ತಿನ ಕೊಳವೆಯ ಮೇಲೆ ಕಾಣುತ್ತದೆ. ಮೊದಲ ಮೂರು ಅಕ್ಷರ ತಯಾರಕರದ್ದು. ‘ಎಂಬಿಎಲ್’ ಇದ್ದರೆ ಹೀರೊ, ‘ಎಂಡಿ2’ ಬಜಾಜ್, ‘ಎಂಡಿ6’ ಟಿವಿಎಸ್, ‘ಎಂಇ3’ ರಾಯಲ್ ಎನ್‌ಫೀಲ್ಡ್, ‘ಎಂಇ4’ ಹೋಂಡಾದ ಭಾರತೀಯ ಕಂಪನಿ, ‘ಎಂಇ1’ ಯಮಹಾದ್ದು. ಜಪಾನಿನಲ್ಲಿ ತಯಾರಾದವು ‘ಜೆ’ಯಿಂದ ಶುರುವಾಗುತ್ತವೆ. ಹಾಗಾಗಿ ‘ಇಂಪೋರ್ಟೆಡ್ ಗಾಡಿ ಸಾರ್’ ಎಂಬ ಮಾತನ್ನು ಅಲ್ಲೇ ನಿಂತು ಒರೆಗೆ ಹಚ್ಚಬಹುದು. ಸಾಮಾನ್ಯವಾಗಿ ಹತ್ತನೆಯ ಜಾಗದಲ್ಲಿ ಇಸವಿ ಇರುತ್ತದೆ: 2001ರಿಂದ 2009ರವರೆಗೆ 1ರಿಂದ 9, 2010ಕ್ಕೆ ‘ಎ’, 2011ಕ್ಕೆ ‘ಬಿ’. ಹೀಗೆ ಹೋಗುತ್ತ 2017ಕ್ಕೆ ‘ಎಚ್’, 2018ಕ್ಕೆ ‘ಜೆ’. ನಡುವೆ ‘ಐ’ ಬಿಟ್ಟಿದ್ದಾರೆ, ಒಂದು ಎಂಬ ಅಂಕಿಯ ಜೊತೆ ಕಲಸಿಹೋಗದಿರಲಿ ಎಂದು. ‘ಒ’ ಮತ್ತು ‘ಕ್ಯೂ’ ಸೊನ್ನೆಯ ಹಾಗೆ ಕಾಣುತ್ತವೆ, ಅವಕ್ಕೂ ಪ್ರವೇಶವಿಲ್ಲ. ಚಾಸಿ ನಂಬರಿನಲ್ಲಿ ‘ಒ’ ಇದೆ ಎಂದು ಯಾರಾದರೂ ಓದಿ ಹೇಳಿದರೆ ಅದು ಸೊನ್ನೆ. ಇಲ್ಲವೇ ಆ ನಂಬರನ್ನು ಹೊಡೆದವನು ಕಂಪನಿಯವನಲ್ಲ.

ನಂಬರಿಗೂ ಮಿತಿಯಿದೆ. ನಡುವಿನ ಅಕ್ಷರಗಳ ಅರ್ಥ ಕಂಪನಿಗೊಂದು, ಅದರ ಕೀಲಿ ಅವರ ಕೈಯಲ್ಲೇ. ಎರಡು ಡಿಸ್ಕಿನದೋ ಒಂದೇ ಡಿಸ್ಕಿನದೋ, ಕಿಕ್ ಮಾತ್ರವೋ ಸೆಲ್ಫ್ ಕೂಡ ಇತ್ತೋ, ಯಾವ ಬಣ್ಣದ್ದು ಎಂಬುದನ್ನೆಲ್ಲ ನಾವು ನೀವು ಆ ಅಕ್ಷರಗಳಿಂದ ಹಿಂಡಿ ತೆಗೆಯಲಾರೆವು. ಅದಕ್ಕೆ ಷೋರೂಮಿನ ಬಿಡಿಭಾಗಗಳ ವಿಭಾಗಕ್ಕೇ ಹೋಗಿ, ಅವರ ಕಂಪ್ಯೂಟರಿನಲ್ಲಿ ಚಾಸಿ ನಂಬರು ಹಾಕಿಸಬೇಕು. ಈ ಸರಳ ದಾರಿ ಇದ್ದೂ ಹತ್ತರಲ್ಲಿ ಒಂಬತ್ತು ಜನ ಮೊದಲು ಸ್ಟಿಕ್ಕರನ್ನೇ ನೋಡುವುದು ನನಗೆ ಇಂದಿಗೂ ಸೋಜಿಗ.

ಈ ಲೆಕ್ಕಾಚಾರ ಸಲ್ಲದ ಗಾಡಿಗಳಲ್ಲೇ ಕಥೆಯ ಸ್ವಾರಸ್ಯವಿರುವುದು. ನಮ್ಮದೇ ಮೈಸೂರಿನ ಗಾಡಿಯನ್ನು ತೆಗೆದುಕೊಳ್ಳಿ.

ಜಾವಾ ಎಂಬುದು ಚೆಕ್ ದೇಶದ ಹೆಸರು. 1929ರಲ್ಲಿ ಪ್ರಾಗ್‌ನ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟರ್‌ಸೈಕಲ್ ವಿನ್ಯಾಸ ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿದ. ಇರಾನಿ ಕುಟುಂಬದ ಐಡಿಯಲ್ ಜಾವಾ ಕಂಪನಿ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ತಯಾರಿಕೆ ಶುರು ಮಾಡಿತು. 1970ರ ದಶಕದ ಮೊದಲರ್ಧದಲ್ಲಿ ಹೆಸರು ಯೆಜ್ಡಿ ಆಯಿತು, ಇರಾನಿನ ಯಜ್ದ್ ಊರಿನ ನೆನಪಿಗೆ. 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಇಷ್ಟೇ ಆಗಿದ್ದರೆ ಗುರುತು ಹಿಡಿಯುವುದು ಮಕ್ಕಳಾಟ. ಆದರೆ ಗಾಡಿಯ ಹೆಸರು ಯೆಜ್ಡಿ ಆದ ಮೇಲೂ ಕಂಪನಿಯ ಹೆಸರು ಕೊನೆಯವರೆಗೆ ಐಡಿಯಲ್ ಜಾವಾ ಎಂದೇ ಉಳಿಯಿತು. ಆರ್.ಸಿ.ಯಲ್ಲಿ ತಯಾರಕರ ಹೆಸರಿಗೆ ಒಂದು ಕಲಮು ಇದೆಯಲ್ಲ, ಅಲ್ಲಿ ಅದೇ ಹೆಸರು ಬರುತ್ತದೆ. 1985ರ ಯೆಜ್ಡಿಗೆ ಕೆಂಪು ಬಣ್ಣ ಬಳಿದು, ಪಕ್ಕಕ್ಕೆ ಕ್ರೋಮಿನ ಪಟ್ಟಿ ಇರುವ ಜಾವಾ ಟ್ಯಾಂಕು ಕೂರಿಸಿ, ‘ಆರ್.ಸಿ.ಯಲ್ಲೇ ಜಾವಾ ಅಂತ ಇದೆ, ನೀವೇ ಓದ್ಕೊಳಿ’ ಎಂದು ಮಾರುವವನು ಅಕ್ಷರಶಃ ಸುಳ್ಳು ಹೇಳುತ್ತಿಲ್ಲ. ಜಾವಾಕ್ಕೆ ಯೆಜ್ಡಿಗಿಂತ ಬೆಲೆ ಹೆಚ್ಚು, ಪ್ರೀತಿಯೂ ಹೆಚ್ಚು. ಹೀಗಾಗಿ ಈ ವೇಷ ನಮ್ಮ ಕಡೆ ತೀರಾ ಸಾಮಾನ್ಯ.

ಇದಕ್ಕೆ ಮದ್ದು ಇಸವಿ. ಜಾವಾ ಹೆಸರಿನ ಕಾಲ ಮುಗಿದ ಮೇಲೆ ಹುಟ್ಟಿದ ಗಾಡಿ ಆರ್.ಸಿ.ಯಲ್ಲಿ ಏನೇ ಇದ್ದರೂ ಯೆಜ್ಡಿಯೇ. ಹಳೆಯ ನಂಬರು ಪ್ಲೇಟು ಕೂಡ ಸುಳಿವು ಕೊಡುತ್ತದೆ. ‘ಕೆಎ’ ಎಂದು ಶುರುವಾಗುವ ಈಗಿನ ಕ್ರಮ ಬಂದದ್ದು 1989ರ ಜುಲೈಯಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಜಾರಿಯಾದಾಗ. ಅದಕ್ಕೆ ಮುಂಚೆ ಮೂರಕ್ಷರದ ಸರಣಿಗಳು. ‘ಎಂವೈ’ ಇಂದ ಶುರುವಾಗುವವು ಮೈಸೂರು ರಾಜ್ಯದ ಕಾಲವನ್ನು ನೆನಪಿಸುತ್ತವೆ, ‘ಸಿಎ’ ಸರಣಿಯವು ಆಮೇಲಿನವು. ‘ಎಂವೈ’ ಪ್ಲೇಟಿನ ಗಾಡಿ ಜಾವಾ ಆಗಿರುವ ಸಂಭವ ಹೆಚ್ಚು, ‘ಸಿಎ’ದು ಯೆಜ್ಡಿ ಆಗಿರುವ ಸಂಭವ ಹೆಚ್ಚು. ಬರೀ ಸಂಭವ ಎಂಬುದು ನೆನಪಿರಲಿ.

ಜಾವಾ ಕಾಲದ್ದಕ್ಕೆ ‘ಎ ಟೈಪ್’, ‘ಬಿ ಟೈಪ್’ ಎಂದು ಎರಡು ಹೆಸರು. ಬಿ ಟೈಪು ಯೆಜ್ಡಿ ಎಂಬ ಹೆಸರಿನಲ್ಲೂ ಮುಂದುವರಿಯಿತು. ಹಾಗಾಗಿ ಆ ಗಡಿಯಲ್ಲಿ ಹುಟ್ಟಿದ ಗಾಡಿಗಳ ಬಗ್ಗೆ ವಾದ ಎಂದೂ ಮುಗಿಯುವುದಿಲ್ಲ. ಯೆಜ್ಡಿಯೊಳಗೆ ಮತ್ತೆ ಕ್ಲಾಸಿಕ್, ಡಿಲಕ್ಸ್, ಆಯಿಲ್‌ಕಿಂಗ್, ರೋಡ್‌ಕಿಂಗ್, ಮೊನಾರ್ಕ್, ಸಿಎಲ್-2, 175, ಅವಳಿ ಸಿಲಿಂಡರಿನ 350. ಜನ ಸೈಲೆನ್ಸರ್ ಎಣಿಸಿ ‘ಎರಡಿದೆ, ಟ್ವಿನ್’ ಎನ್ನುವುದು ಮಾಮೂಲಿ ತಪ್ಪು. 250ರ ಒಂಟಿ ಸಿಲಿಂಡರಿನಿಂದಲೇ ಹೊಗೆ ಹೊರಹೋಗಲು ಎರಡು ಕಿಂಡಿ, ಅದಕ್ಕೇ ಎರಡು ಕೊಳವೆ. ಎಣಿಸಬೇಕಾದದ್ದು ಸ್ಪಾರ್ಕ್ ಪ್ಲಗ್ಗನ್ನು. ಗೇರಿನ ಕಡ್ಡಿಯನ್ನೇ ಹಿಂದಕ್ಕೆ ಮಡಚಿ ಕಿಕ್ ಹೊಡೆಯುವ ಆ ಹೆಸರಾಂತ ಏರ್ಪಾಡು ಇದ್ದರೆ ಅದು ಈ ಮನೆತನದ್ದು ಎಂದಷ್ಟೇ ಗೊತ್ತಾಗುತ್ತದೆ. ಮನೆತನದ ಯಾವ ಮಗ ಎಂಬುದು ಗೊತ್ತಾಗುವುದಿಲ್ಲ. ದೀಪದ ಬುರುಡೆಯೊಳಗೇ ಸ್ಪೀಡೋಮೀಟರ್ ಹುದುಗಿರುವುದು ಜಾವಾದ ಚಹರೆ, ಆದರೆ ಆ ಬುರುಡೆಯೂ ಬಿಚ್ಚಿ ಹಾಕುವಂಥದ್ದೇ. ಎಂಜಿನ್ ಕವರಿನ ಮೇಲೆ ಎರಕದಲ್ಲೇ ಮೂಡಿದ ಹೆಸರನ್ನು ಪ್ರಮಾಣ ಎನ್ನುವವರಿದ್ದಾರೆ. ನಾಲ್ಕು ಸ್ಕ್ರೂ ತೆಗೆದರೆ ಕಳಚಿಬರುವ ವಸ್ತು ಎಂಥ ಪ್ರಮಾಣ?

ಆಯಿಲ್‌ಕಿಂಗ್ ಒಂದು ಬೇರೆಯೇ ಬಗೆಯ ಒಗಟು. ಪೆಟ್ರೋಲಿಗೆ ಆಯಿಲ್ ಬೆರೆಸುವ ಗೋಜು ಬೇಡವೆಂದು ಅದಕ್ಕೆ ಪಂಪು ಇಟ್ಟಿದ್ದರು. ಪಂಪು ಕೈಕೊಟ್ಟರೆ ಎಂಜಿನ್ ಸೀಜ್ ಆಗುತ್ತದೆಂಬ ಭಯಕ್ಕೆ ಎಷ್ಟೋ ಮಾಲೀಕರು ಅದನ್ನು ಕಿತ್ತು, ಮತ್ತೆ ಬಂಕಿನಲ್ಲೇ ಆಯಿಲ್ ಬೆರೆಸಿ ಓಡಿಸಿದರು. ಇಂದು ಅಪರೂಪವೆಂದು ಹುಡುಕುವ ಮಾದರಿಯನ್ನು ಅದರ ಮಾಲೀಕರೇ ಕೈಯಾರೆ ಸಾಮಾನ್ಯ ಮಾಡಿದರು. ಪಂಪು ಕಿತ್ತರೂ ಅದು ಕೂತಿದ್ದ ಜಾಗವನ್ನು ಕೀಳಲಾಗುವುದಿಲ್ಲ. ಹುಡುಕುವವರು ಅಲ್ಲಿ ಬೆರಳಿಟ್ಟು ನೋಡುತ್ತಾರೆ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಬೆಂಗಳೂರು, ಮೈಸೂರುಗಳಲ್ಲಿ ಈ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಒಮ್ಮೆ ಹೋಗಿ ನಿಂತು ನೋಡಿ. ಮಾತಿನ ಮುಕ್ಕಾಲು ಪಾಲು ‘ಇದು ನಿಜಕ್ಕೂ ಯಾವುದು’ ಎಂಬುದರ ಸುತ್ತಲೇ. 2018ರಲ್ಲಿ ಜಾವಾ ಹೆಸರು, 2022ರಲ್ಲಿ ಯೆಜ್ಡಿ ಹೆಸರು ಹೊಸ ಕಂಪನಿಯ ಫೋರ್ ಸ್ಟ್ರೋಕ್ ಗಾಡಿಗಳಿಗೆ ಮತ್ತೆ ಬಂದವು. ಈಗ ‘ಜಾವಾ ಮಾರಾಟಕ್ಕಿದೆ’ ಎಂಬ ಜಾಹೀರಾತಿನಲ್ಲಿ ಅಜ್ಜನೂ ಇರಬಹುದು, ಮೊಮ್ಮಗನೂ ಇರಬಹುದು.

ಕೌಂಟರಿನ ಆರ್‌ಎಕ್ಸ್‌ಗೆ ಮರಳುತ್ತೇನೆ. 1985ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆ ಸೇರಿ ತಂದ ಆರ್‌ಎಕ್ಸ್ 100, 1996ರಲ್ಲಿ ನಿಂತಿತು. ಆಮೇಲೆ ಆರ್‌ಎಕ್ಸ್‌ಜಿ, ಆರ್‌ಎಕ್ಸ್ 135 ನಾಲ್ಕು ಗೇರಿನದು, ಐದು ಗೇರಿನದು, ಆರ್‌ಎಕ್ಸ್-ಝಡ್ ಬಂದವು. ಇಲ್ಲಿ ಗಣಿತ ಒಂದು ನಮ್ಮ ಸಹಾಯಕ್ಕೆ ನಿಲ್ಲುತ್ತದೆ. ಹಂಡ್ರೆಡ್ಡಿನ ಪಿಸ್ಟನ್ ಅಗಲ 50 ಮಿಲಿಮೀಟರ್, ಓಡಾಟ 50. ಲೆಕ್ಕ ಹಾಕಿದರೆ 98 ಸಿಸಿ. 135ರ ಓಡಾಟವೂ 50, ಅಗಲ ಮಾತ್ರ 58. ಅದು 132 ಸಿಸಿ. ಓಡಾಟ ಒಂದೇ ಆದದ್ದರಿಂದ ಹಂಡ್ರೆಡ್ಡಿನ ಕೆಳಭಾಗದ ಮೇಲೆ 135ರ ಬ್ಲಾಕ್ ಕೂರಿಸುವ ಆಸೆ ನಮ್ಮ ಗ್ಯಾರೇಜುಗಳಲ್ಲಿ ಬಹಳ ಹಳೆಯದು. ಹೆಡ್ ಬಿಚ್ಚಿ ವರ್ನಿಯರ್ ಇಟ್ಟರೆ ಐದು ನಿಮಿಷದಲ್ಲಿ ಜಗಳ ಮುಗಿಯುತ್ತದೆ. ಒಂದು ಎಚ್ಚರ: ಬೋರ್ ಮಾಡಿಸಿದ ಬ್ಲಾಕಿನಲ್ಲಿ ಅಳತೆ ಕಾಲು, ಅರ್ಧ ಮಿಲಿಮೀಟರಿನಷ್ಟು ಹೆಚ್ಚು ಬರುತ್ತದೆ. 50.5 ಬಂದರೆ ಹೊಸ ಮಾದರಿ ಸಿಕ್ಕಿತೆಂದು ಕುಣಿಯಬೇಡಿ, ಅದು ಎರಡು ಸಲ ಬೋರ್ ಕಂಡ ಹಂಡ್ರೆಡ್.

ಆದರೆ ಮಾರುವವನ ಮನೆಯಂಗಳದಲ್ಲಿ ಹೆಡ್ ಬಿಚ್ಚಲು ಯಾರು ಬಿಡುತ್ತಾರೆ? ಅಲ್ಲಿ ಗೇರೆಣಿಸುವುದೇ ಗತಿ. ಹಂಡ್ರೆಡ್ಡಿಗೆ ನಾಲ್ಕೇ ಗೇರು. ಐದನೆಯದು ಬಿದ್ದರೆ ಒಳಗಿನದು ಹಂಡ್ರೆಡ್ ಅಲ್ಲ, ಟ್ಯಾಂಕು ಏನೇ ಹೇಳಲಿ. ನಾಲ್ಕೇ ಬಿದ್ದರೆ ಮಾತ್ರ ಪ್ರಶ್ನೆ ಹಾಗೇ ಉಳಿಯುತ್ತದೆ. ಈ ಪರೀಕ್ಷೆ ‘ಅಲ್ಲ’ ಎಂದು ಹೇಳಬಲ್ಲದು, ‘ಹೌದು’ ಎನ್ನಲಾರದು. ಈ ಕಸುಬಿನ ಬಹುಪಾಲು ಪರೀಕ್ಷೆಗಳು ಇದೇ ಜಾತಿಯವು.

ಅದೇ ಎಸ್ಕಾರ್ಟ್ಸ್ 1983ರಿಂದ ತಯಾರಿಸಿದ ರಾಜ್‌ದೂತ್ 350 ನಮ್ಮ ದೇಶದ ಮಾದರಿ-ವಿವಾದಗಳ ರಾಜ. ಯಮಹಾ ಆರ್‌ಡಿ 350ರ ಭಾರತೀಯ ರೂಪ ಇದು. 347 ಸಿಸಿ, ಅವಳಿ ಸಿಲಿಂಡರ್, ಆರು ಗೇರು. ಜಪಾನಿನದಕ್ಕೆ ಮುಂದೆ ಡಿಸ್ಕ್ ಇತ್ತು, ನಮ್ಮದಕ್ಕೆ ಡ್ರಮ್ ಹಾಕಿದರು. ಇದರಲ್ಲಿ ಎರಡು ಬಗೆ: ‘ಎಚ್‌ಟಿ’ ಅಂದರೆ ಹೈ ಟಾರ್ಕ್, ‘ಎಲ್‌ಟಿ’ ಅಂದರೆ ಲೋ ಟಾರ್ಕ್. ಮೊದಲಿನದು 30.5 ಅಶ್ವಶಕ್ತಿಯದು, ಎರಡನೆಯದು 27ರ ಆಸುಪಾಸು. ಮೈಲೇಜಿಗಾಗಿ ಉಸಿರು ಕಟ್ಟಿಸಿದರು, ಅಷ್ಟೇ. ಹೊಗೆ ಹೊರಹೋಗುವ ದಾರಿಯನ್ನು ಕಿರಿದು ಮಾಡಿದ್ದೇ ಮುಖ್ಯ ಬದಲಾವಣೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತಾಯಿಯ ಮಕ್ಕಳು. ಇದರ ಫಲವಾಗಿ ಇಂದು ಬಾಯಿಮಾತಿನಲ್ಲಿ ಮಾರಾಟಕ್ಕಿರುವ ಆರ್‌ಡಿಗಳೆಲ್ಲ ಎಚ್‌ಟಿಗಳೇ. ಎಲ್‌ಟಿ ಎಂಬ ಗಾಡಿ ತಯಾರಾಗಿಯೇ ಇರಲಿಲ್ಲವೇನೋ ಎನ್ನುವಷ್ಟು! ಎಲ್‌ಟಿ ಬ್ಲಾಕನ್ನು ಫೈಲ್ ಹಾಕಿ ಉಜ್ಜಿ ಎಚ್‌ಟಿಯಂತೆ ಉಸಿರಾಡಿಸಿದವರೂ ಇದ್ದಾರೆ. ಆಗ ಅದು ಯಾವುದು? ಓಡಿಸುವವನಿಗೆ ಎಚ್‌ಟಿ, ಸಂಗ್ರಹ ಮಾಡುವವನಿಗೆ ಎಲ್‌ಟಿ. ನನ್ನ ಓಟು ಎರಡನೆಯವನಿಗೆ. ಉಜ್ಜಿದ ಕಿಂಡಿ ಕಂಪನಿ ಕೊರೆದ ಕಿಂಡಿಯಾಗುವುದಿಲ್ಲ.

ಬುಲೆಟ್ಟಿನ ವಿಷಯದಲ್ಲಿ ಹೆಸರೇ ಕೆಲಸಕ್ಕೆ ಬಾರದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಂದೇ ಹೆಸರು ಹೊತ್ತ ಗಾಡಿ ಅದು. ಮೆಕ್ಯಾನಿಕ್‌ಗಳು ಕೇಳುವುದು ಎಂಜಿನ್ನನ್ನು: ‘ಕ್ಯಾಸ್ಟ್ ಐರನ್ನಾ, ಎವಿಎಲ್ಲಾ, ಯುಸಿಇನಾ?’ ಎಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆಯಾಗಿ ಕೂತಿದ್ದರೆ ಮೊದಲೆರಡರಲ್ಲಿ ಒಂದು. ಎರಡೂ ಸೇರಿ ಒಂದೇ ಗಟ್ಟಿಯಾಗಿದ್ದರೆ ಯುಸಿಇ. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು, ಜೊತೆಗೆ ಹಿಮ್ಮಡಿಯಿಂದ ಒತ್ತಿ ನ್ಯೂಟ್ರಲ್ ಹುಡುಕುವ ಆ ಪುಟ್ಟ ಕಡ್ಡಿ, ಇವು ಹಳೆಯ ಕ್ಯಾಸ್ಟ್ ಐರನ್ನಿನ ಲಕ್ಷಣ. ಇವೇ ಲಕ್ಷಣಕ್ಕಾಗಿ ಹೆಚ್ಚು ದುಡ್ಡು ಕೊಡುವವರಿರುವಾಗ ಅದರ ಮೇಲೂ ಕಣ್ಣಿಡಬೇಕಾಗುತ್ತದೆ. ಬಲ-ಎಡ ಬದಲಾಯಿಸಿಕೊಡುವ ಮೆಕ್ಯಾನಿಕ್‌ಗಳು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ.

ಹಳತರಲ್ಲಿ ಮಾತ್ರ ಈ ತೊಡಕು ಎಂದುಕೊಂಡವರಿಗೆ ಕ್ಲಾಸಿಕ್ 350ರ ಉದಾಹರಣೆ ಸಾಕು. 2009ರಲ್ಲಿ ಬಂದ ಈ ಗಾಡಿಯ ಎಂಜಿನ್ 70 ಮಿಲಿಮೀಟರ್ ಅಗಲ, 90 ಓಡಾಟದ್ದು, 346 ಸಿಸಿ. 2021ರ ಸೆಪ್ಟೆಂಬರಿನಲ್ಲಿ ಅದೇ ಹೆಸರು, ಹೆಚ್ಚುಕಡಿಮೆ ಅದೇ ಮುಖ ಇಟ್ಟುಕೊಂಡು ಬಂದದ್ದರ ಎಂಜಿನ್ 72 ಅಗಲ, 85.8 ಓಡಾಟ, 349 ಸಿಸಿ. ಚಾಸಿ ಬೇರೆ, ನಡುಕ ಬೇರೆ, ಬಿಡಿಭಾಗಗಳೂ ಬೇರೆ. ಹಾಗಾಗಿ ‘2021ರ ಕ್ಲಾಸಿಕ್’ ಎಂಬ ಮಾತಿಗೆ ಅರ್ಥವೇ ಇಲ್ಲ. ಆ ಒಂದೇ ವರ್ಷದಲ್ಲಿ ಎರಡು ಬೇರೆ ಗಾಡಿಗಳಿಗೆ ಆ ಹೆಸರಿತ್ತು. ಇಲ್ಲಿ ಮಾತ್ರ ಆರ್.ಸಿ. ನಿಮ್ಮ ಗೆಳೆಯ. ಸಿಸಿ ಕಲಮಿನಲ್ಲಿ 346 ಇದೆಯೋ 349 ಇದೆಯೋ ನೋಡಿದರೆ ಸಾಕು. ಆ ಮೂರು ಸಿಸಿಯ ವ್ಯತ್ಯಾಸದ ಹಿಂದೆ ಇಡೀ ಹೊಸ ಗಾಡಿ ಇದೆ.

ಬಜಾಜ್ ಪಲ್ಸರ್ 2001ರಲ್ಲಿ ಬಂದಾಗಿನಿಂದ ಹೊರಮೈ, ಒಳಮೈ ಎಷ್ಟು ಸಲ ಬದಲಾಯಿಸಿತೆಂದರೆ ಜನರೇ ಅದಕ್ಕೆ ತಲೆಮಾರಿನ ಲೆಕ್ಕ ಇಟ್ಟುಕೊಂಡರು: ‘ಯುಜಿ2’, ‘ಯುಜಿ3’, ‘ಯುಜಿ4’. ಯುಜಿ ಎಂದರೆ ಅಪ್‌ಗ್ರೇಡ್. ಟ್ಯಾಂಕಿನ ಮೇಲೆ ಹುಡುಕಿದರೆ ಈ ಹೆಸರು ಸಿಗುವುದಿಲ್ಲ, ಆದರೆ ಇದಿಲ್ಲದೆ ಪಾರ್ಟ್ ಸಿಗುವುದು ಕಷ್ಟ. ಗುಂಡು ದೀಪದ ಮೊದಲ ಪಲ್ಸರ್, 2003ರ ಎರಡು ಪ್ಲಗ್ಗಿನ ಡಿಟಿಎಸ್-ಐ, 2006ರ ಕೊನೆಗೆ ಬಂದ ಡಿಜಿಟಲ್ ಮೀಟರಿನ ಯುಜಿ3, ಇವು ಸುಲಭವಾಗಿ ಕಣ್ಣಿಗೆ ಕಾಣುವ ಮೈಲಿಗಲ್ಲುಗಳು. ಪಲ್ಸರಿನ ಅತಿ ದೊಡ್ಡ ಬಲೆ 220ರಲ್ಲಿದೆ. 2007ರಲ್ಲಿ ಬಂದದ್ದು ಡಿಟಿಎಸ್-ಎಫ್‌ಐ, ಫ್ಯೂಯಲ್ ಇಂಜೆಕ್ಷನ್ನಿನದು. 2009ರಲ್ಲಿ ಇಂಜೆಕ್ಷನ್ ಕೈಬಿಟ್ಟು ಕಾರ್ಬುರೇಟರ್ ಹಾಕಿದರು, ಅದು 220-ಎಫ್ ಎಂದು ಹೆಸರಾಯಿತು. ಆ ‘ಎಫ್’ ಮುಂದಿನ ಫೇರಿಂಗಿನದು. ‘ಎಫ್ ಇದೆಯಲ್ಲ, ಇಂಜೆಕ್ಷನ್ನೇ’ ಎಂದು ನಂಬಿ ಕೊಂಡು ಆಮೇಲೆ ಕಾರ್ಬುರೇಟರ್ ಬಿಚ್ಚಿಸಿದವರು ಇದ್ದಾರೆ.

ಸ್ಪ್ಲೆಂಡರ್ ಬಗ್ಗೆ ಹೆಚ್ಚು ಬರೆಯಲಾರೆ. 1994ರಿಂದ ಇಂದಿನವರೆಗೆ ಸ್ಪ್ಲೆಂಡರ್, ಪ್ಲಸ್, ಎನ್‌ಎಕ್ಸ್‌ಜಿ, ಪ್ರೊ, ಐಸ್ಮಾರ್ಟ್ ಎಂದು ಹೆಸರು ಬಂದವು, ಹೋದವು. ಮೂಲ ನೂರು ಸಿಸಿ ಎಂಜಿನ್ ಅದೇ 50 ಅಗಲ, 49.5 ಓಡಾಟದ 97.2 ಸಿಸಿಯದು, ಸಿಡಿ 100ರ ಕಾಲದಿಂದ ಬಂದದ್ದು. ಒಂದರ ಪಾರ್ಟ್ ಇನ್ನೊಂದಕ್ಕೆ ಸಾಕಷ್ಟು ಮಟ್ಟಿಗೆ ಕೂರುತ್ತದೆ. ಇದರಲ್ಲಿ ನಿಖರ ಮಾದರಿ ಹುಡುಕುವುದಕ್ಕಿಂತ ಚೈನ್ ಸಡಿಲವಾಗಿದೆಯೇ ಎಂದು ನೋಡುವುದು ಲೇಸು. ಒಂದೇ ಒಂದು ಸುಳಿವು: ಹೀರೊ ಮತ್ತು ಹೋಂಡಾ ಬೇರೆಯಾಗಿ 2011ರಲ್ಲಿ ಹೀರೊ ಮೋಟೊಕಾರ್ಪ್ ಆಯಿತು. ಬ್ಯಾಡ್ಜು ಅಲ್ಲಿಂದ ಮುಂದೆ ನಿಧಾನವಾಗಿ ಬದಲಾಯಿತು.

ಕಂಪನಿಗಳಿಗಿಂತ ಸರ್ಕಾರವೇ ನಮಗೆ ಹೆಚ್ಚು ಸ್ಪಷ್ಟವಾದ ಗುರುತುಗಳನ್ನು ಬಿಟ್ಟಿದೆ. 2017ರ ಏಪ್ರಿಲ್ 1ರಿಂದ ಹೊಸ ಗಾಡಿಗಳ ಹೆಡ್‌ಲೈಟು ತಾನಾಗಿ ಉರಿಯಬೇಕು, ಆರಿಸುವ ಸ್ವಿಚ್ಚು ಇರಕೂಡದು. ಹ್ಯಾಂಡಲಿನ ಮೇಲೆ ಆ ಸ್ವಿಚ್ಚು ಇದ್ದರೆ ಗಾಡಿ ಅದಕ್ಕೆ ಮುಂಚಿನದು, ಅಥವಾ ಯಾರೋ ಹಳೆಯ ಸ್ವಿಚ್ಚು ಹಾಕಿಸಿದ್ದಾರೆ. 125 ಸಿಸಿ ಮೇಲಿನ ಹೊಸ ಮಾದರಿಗಳಿಗೆ 2018ರ ಏಪ್ರಿಲಿನಿಂದ, ಆ ಗಾತ್ರದ ಎಲ್ಲ ಮಾದರಿಗಳಿಗೆ 2019ರ ಏಪ್ರಿಲಿನಿಂದ ಎಬಿಎಸ್ ಕಡ್ಡಾಯ. 2020ರ ಏಪ್ರಿಲಿನಿಂದ ಬಿಎಸ್-6, ಜೊತೆಗೆ ಬಹುತೇಕ ಬೈಕುಗಳಿಗೆ ಇಂಜೆಕ್ಷನ್. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟು ಏಪ್ರಿಲ್ 1ರಿಂದ ಬಿಎಸ್-3 ಗಾಡಿ ಮಾರಕೂಡದು ಎಂದಿತು. ಆಗ ಉಳಿದ ಎರಡು ದಿನ ಷೋರೂಮುಗಳ ಮುಂದೆ ಜಾತ್ರೆ. ಆ ಜಾತ್ರೆಯಲ್ಲಿ ಬಂದ ಎಷ್ಟೋ ಗಾಡಿಗಳು ತಯಾರಾದ ತಿಂಗಳಿಗೂ ರಿಜಿಸ್ಟ್ರೇಷನ್ ತಿಂಗಳಿಗೂ ದೊಡ್ಡ ಅಂತರವಿದೆ. ಆರ್.ಸಿ.ಯಲ್ಲಿ ಎರಡೂ ದಿನಾಂಕ ಬೇರೆ ಬೇರೆ ಕಲಮಿನಲ್ಲಿರುತ್ತವೆ. ಮಾದರಿ ಗೊತ್ತಾಗಬೇಕಾದರೆ ನೋಡಬೇಕಾದದ್ದು ತಯಾರಿಕೆಯ ತಿಂಗಳು.

ಕಾಗದವನ್ನು ಎಷ್ಟು ನಂಬಬೇಕು? ಈಚಿನ ಗಾಡಿಗಳ ವಿವರ ವಾಹನ್ ಜಾಲದಲ್ಲಿದೆ, ಫೋನಿನಲ್ಲೇ ಮಾದರಿ, ಇಸವಿ, ಬಿಎಸ್ ಮಟ್ಟ ನೋಡಬಹುದು. ಕಂಪನಿಯ ದಾಖಲೆಯಿಂದ ನೇರ ಬಂದದ್ದಾದ್ದರಿಂದ ಅದು ಗಟ್ಟಿ. ಹಳೆಯ ಗಾಡಿಗಳ ಆರ್.ಸಿ. ಹಾಗಲ್ಲ. ಅದು ಪುಸ್ತಕದಲ್ಲಿ ಕೈಬರಹವಾಗಿತ್ತು, ಆಮೇಲೆ ಯಾರೋ ಕೂತು ಕಂಪ್ಯೂಟರಿಗೆ ಏರಿಸಿದರು. ಕೈಬರಹದ ‘5’ ಕಂಪ್ಯೂಟರಿನಲ್ಲಿ ‘ಎಸ್’ ಆದದ್ದು, ಮಾದರಿಯ ಕಲಮಿನಲ್ಲಿ ಬರೀ ‘ಮೋಟರ್ ಸೈಕಲ್’ ಎಂದು ಉಳಿದದ್ದು, ಇದನ್ನೆಲ್ಲ ಹಳೆಯ ಗಾಡಿ ಇಟ್ಟವರು ಕಂಡೇ ಇರುತ್ತಾರೆ. ನನ್ನ ತಂದೆಯ ಗಾಡಿಯ ಎಂಜಿನ್ ನಂಬರಿನಲ್ಲಿ ಒಂದು ಅಂಕಿಯೇ ಮಾಯವಾಗಿತ್ತು. ಅದನ್ನು ಸರಿ ಮಾಡಿಸಲು ಒಂದು ಕಚೇರಿಗೆ ನಾಲ್ಕು ಸಲ ಅಲೆದು, ಕೊನೆಗೆ ಪೆನ್ಸಿಲ್ ಪ್ರಿಂಟ್ ತೋರಿಸಿದ ಮೇಲೇ ಒಪ್ಪಿದರು.

ಈ ಪೆನ್ಸಿಲ್ ಪ್ರಿಂಟು ನಮ್ಮ ಕಡೆಯ ಅಗ್ಗದ, ಅದ್ಭುತ ಸಾಧನ. ನಂಬರಿನ ಮೇಲೆ ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿದರೆ ಅಕ್ಷರ ಮೂಡುತ್ತವೆ. ಇದರ ನಿಜವಾದ ಉಪಯೋಗ ನಂಬರು ಬರೆದುಕೊಳ್ಳುವುದರಲ್ಲಿಲ್ಲ, ಅಕ್ಷರಗಳ ಸಾಲನ್ನು ನೋಡುವುದರಲ್ಲಿದೆ. ಕಾರ್ಖಾನೆ ಹೊಡೆದ ಅಕ್ಷರಗಳು ಒಂದೇ ಆಳ, ಒಂದೇ ಅಂತರ. ಸುತ್ತಿಗೆಯಲ್ಲಿ ಪಂಚ್ ಮಾಡಿದವು ಒಂದು ಆಳ, ಒಂದು ಮೇಲು, ಒಂದು ಸೊಟ್ಟ. ಸುತ್ತಲಿನ ಲೋಹ ಫೈಲ್ ಕಂಡಿದ್ದರೆ ಕಾಗದದ ಮೇಲೆ ಗೀರುಗಳೂ ಬರುತ್ತವೆ. ಜೋಡಿಸಿ ಹೊಸದು ಮಾಡಿಸಿದ ಗಾಡಿಗಳಲ್ಲಿ ಇನ್ನೊಂದು ತೊಂದರೆ. ಪೌಡರ್ ಕೋಟಿಂಗಿನ ದಪ್ಪ ಪದರ ನಂಬರನ್ನೇ ನುಂಗಿಬಿಡುತ್ತದೆ. ಕಳ್ಳತನ ಮುಚ್ಚಲು ಮಾಡಿದ್ದೋ, ಅಂದದ ಆಸೆಗೆ ಆದದ್ದೋ, ಎರಡೂ ಹೊರನೋಟಕ್ಕೆ ಒಂದೇ. ಮಾರುವವನು ಆ ಬಣ್ಣ ಕೆರೆಯಲು ಒಪ್ಪದಿದ್ದರೆ ನಾನಂತೂ ಚಹಾ ಕುಡಿದು ಎದ್ದು ಬರುತ್ತೇನೆ.

ನಂಬರಿನ ಹೊರತಾಗಿಯೂ ಗಾಡಿಯ ಮೈಮೇಲೆ ಇಸವಿ ಅಲ್ಲಲ್ಲಿ ಬರೆದಿರುತ್ತದೆ. ಸೈಡ್ ಪ್ಯಾನೆಲ್ ಬಿಚ್ಚಿ ಒಳಮೈ ನೋಡಿದರೆ ಪ್ಲಾಸ್ಟಿಕ್ಕಿನಲ್ಲಿ ಪುಟ್ಟ ಗಡಿಯಾರದಂಥ ವೃತ್ತ, ಬಾಣದ ಗುರುತು ತಿಂಗಳಿನ ಮೇಲೆ ನಿಂತಿರುತ್ತದೆ. ಟೈರಿನ ಮೇಲಿನ ನಾಲ್ಕಂಕಿ ವಾರವನ್ನೂ ವರ್ಷವನ್ನೂ ಹೇಳುತ್ತದೆ. 3519 ಎಂದರೆ 2019ರ ಮೂವತ್ತೈದನೇ ವಾರ. ಇವೆಲ್ಲ ಒಂದೇ ಕಾಲದತ್ತ ಕೈ ಮಾಡಿದರೆ ಗಾಡಿ ತನ್ನ ಮೈಯನ್ನು ಉಳಿಸಿಕೊಂಡಿದೆ ಎಂದರ್ಥ. ಮಾಲೀಕ ‘ಏನೂ ಬಿಚ್ಚಿಲ್ಲ ಸಾರ್’ ಎನ್ನುತ್ತಿರುವಾಗ ಒಂದು ಪ್ಯಾನೆಲ್ ಮಾತ್ರ ನಾಲ್ಕು ವರ್ಷ ಚಿಕ್ಕದಾಗಿದ್ದರೆ, ಅದು ಯಾವಾಗ ಬಿತ್ತು ಎಂದು ಮೆಲ್ಲಗೆ ಕೇಳಿ.

ಎಂಜಿನ್ ಬದಲಾದ ಗಾಡಿ ತಪ್ಪೇ ಎಂಬುದರ ಬಗ್ಗೆ ಒಮ್ಮತವಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ನಿಗದಿಪಡಿಸಿದ ವಿವರದಿಂದ ಗಾಡಿ ಬೇರೆಯಾಗುವಂತೆ ಬದಲಾಯಿಸಕೂಡದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ಬಗೆಯ ಎಂಜಿನ್ ಹಾಕಿಸಿ ಆರ್.ಸಿ.ಯಲ್ಲಿ ಬರೆಸಿಕೊಳ್ಳಲು ದಾರಿಯಿದೆ, ಆ ದಾರಿ ಹಿಡಿಯುವವರು ವಿರಳ. ಸಂಗ್ರಹಕಾರರು ಎರಡೂ ನಂಬರು ಕಾರ್ಖಾನೆಯ ಜೋಡಿಯೇ ಆಗಿರಬೇಕೆಂದು ಹಟ ಹಿಡಿಯುತ್ತಾರೆ. ಹಳ್ಳಿಯ ಹಾಲಿನವನಿಗೆ ಕ್ಯಾನು ಹೊರುವ ಗಾಡಿಯ ಎಂಜಿನ್ ಗುಜರಿಯಿಂದ ಬಂದರೇನು, ಗುಡಿಯಿಂದ ಬಂದರೇನು. ನನ್ನ ಮಟ್ಟಿಗೆ ಬೆರಕೆ ಗಾಡಿ ಕೆಟ್ಟದ್ದಲ್ಲ. ಬೆರಕೆಯನ್ನು ಅಸಲಿ ಎಂದು ಅಸಲಿಯ ಬೆಲೆಗೆ ಮಾರುವುದು ಕೆಟ್ಟದ್ದು. ಹಾಗಾಗಿ ಕೊಳ್ಳುವವನು ‘ಇದು ಅಸಲಿಯೇ?’ ಎಂದು ಕೇಳುವ ಬದಲು ‘ಯಾವ ಯಾವ ಭಾಗ ಎಲ್ಲಿಯದು?’ ಎಂದು ಕೇಳಿದರೆ ಹೆಚ್ಚು ನಿಜ ಹೊರಬರುತ್ತದೆ. ಮಾರುವವನಿಗೂ ಮುಖಭಂಗವಿಲ್ಲ.

ಕೆಲವು ವರ್ಷಗಳ ಹಿಂದೆ ಗೆಳೆಯನೊಬ್ಬ ‘ಅರವತ್ತೆಂಟನೇ ಮಾಡೆಲ್ ಜಾವಾ’ ಎಂದು ಒಂದು ಗಾಡಿ ತಂದ. ಕಡುಗೆಂಪು ಬಣ್ಣ, ಹೊಳೆಯುವ ಕ್ರೋಮು, ನೋಡಿದವರು ಇನ್ನೊಮ್ಮೆ ತಿರುಗಿ ನೋಡಬೇಕು. ಮೈಸೂರಿನ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ತೋರಿಸಲು ಹೋದೆವು. ಅವರು ಗಾಡಿಯ ಕಡೆ ನೋಡದೆ ಮೊದಲು ಆರ್.ಸಿ. ಕೇಳಿದರು. ಅದರಲ್ಲಿ 1984. ಗೆಳೆಯ ‘ರೀ-ರಿಜಿಸ್ಟ್ರೇಷನ್ ಇರ್ಬೇಕು’ ಎಂದು ಗೊಣಗಿದ. ಮುದುಕರು ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಕತ್ತಿನ ಮೇಲಿನ ಬಣ್ಣ ಒರೆಸಿದರು, ನಂಬರು ಓದಿದರು, ಕೂತು ಬ್ಲಾಕಿನ ರೆಕ್ಕೆಗಳ ಮೇಲೆ ಬೆರಳಾಡಿಸಿದರು, ಟ್ಯಾಂಕಿನ ಮುಚ್ಚಳ ತಿರುಗಿಸಿ ನೋಡಿದರು. ಆಮೇಲೆ ಕೈ ಒರೆಸಿಕೊಳ್ಳುತ್ತ, ‘ಗಾಡಿ ಚೆನ್ನಾಗೈತೆ, ಇಟ್ಕೊಳಿ’ ಎಂದರು.

‘ಅದ್ಸರಿ ಯಜಮಾನ್ರೆ, ಇದನ್ನ ಏನಂತ ಕರೀಬೇಕು?’

‘ಟ್ಯಾಂಕಿನ ಮುಚ್ಚಳ ಬೇಕಾದ್ರೆ ಜಾವಾ ಅನ್ನಿ. ಬ್ಲಾಕು ಬೇಕಾದ್ರೆ ರೋಡ್‌ಕಿಂಗ್ ಅನ್ನಿ. ಪೊಲೀಸ್ನೋರು ಹಿಡಿದ್ರೆ ಯೆಜ್ಡಿ ಕ್ಲಾಸಿಕ್ ಅನ್ನಿ.’

ಗೆಳೆಯ ಮೂರನ್ನೂ ಆರ್.ಸಿ. ಜೆರಾಕ್ಸಿನ ಹಿಂಬದಿಗೆ ಬರೆದುಕೊಂಡ.